ಕಳುವಾಗದ ಎಂಟು ದಡಿಗಳು

ಮುಧೋಳದ ಬಸ್ ನಿಲ್ದಾಣದಲ್ಲಿ ಬನಹಟ್ಟಿಯ ಬಸ್ಸಿಗಾಗಿ ಕಾಯುತ್ತಿದ್ದ ಮುತ್ತವ್ವ, ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದ ಅಪರಿಚಿತ ಹೆಂಗಸಿನ ಸೀರೆಯ ಅಂಚನ್ನು ಹಠಾತ್ತನೆ ಕೈಗೆತ್ತಿಕೊಂಡು ಎಣಿಸತೊಡಗಿದಳು.

"ಏನ್ ಬೇ, ಬಿಡು ಸೀರಿ! ಹುಚ್ಚಿ ಏನ್ ನೀ?"

ಮುತ್ತವ್ವ ಬಿಡಲಿಲ್ಲ. ಒಂದು ತೆನೆ, ಎರಡು, ಮೂರು— ಏಳು. ಏಳನೆಯ ಜೋಳದ ತೆನೆಯಲ್ಲಿ ಒಂದು ಕಾಳು ಕಡಿಮೆಯಿತ್ತು.

"ಈ ಕಾಳು ನಾ ಹಕ್ಕಿಗೆ ಬಿಟ್ಟದ್ದವ್ವಾ," ಎಂದಳು. "ಈ ದಡಿ ನನ್ನ ಮಗ್ಗದ ಮ್ಯಾಲ ಇನ್ನೂ ಅರ್ಧಾ ಆಗೇತಿ. ನಿನ್ನ ಮೈಮ್ಯಾಲ ಹ್ಯಾಂಗ ಬಂತು?"

ಸೀರೆಯ ಅಂಚಿಗೆ ನಮ್ಮ ಕಡೆ ದಡಿ ಎನ್ನುತ್ತೇವೆ. ನಲವತ್ತು ವರ್ಷಗಳಿಂದ ಮುತ್ತವ್ವ ತಾನು ಬರೆದ ಪ್ರತಿ ದಡಿಯಲ್ಲಿಯೂ ಏಳನೆಯ ಬಾರಿಗೆ ಒಂದು ಕಾಳನ್ನೋ ಒಂದು ಎಸಳನ್ನೋ ಬಿಟ್ಟು ನೇಯುವವಳು. ಆ ಹೆಂಗಸಿನ ಸೀರೆಯಾದರೋ ಮುಧೋಳದ ಒಂದು ವಿದ್ಯುತ್ ಮಗ್ಗದ ಶೆಡ್ಡಿನಿಂದ ಬಂದದ್ದು. ಅಲ್ಲಿ ಹಕ್ಕಿಗೆ ಕಾಳು ಬಿಡುವವರು ಯಾರೂ ಇರಲಿಲ್ಲ. ನಕ್ಷೆಯನ್ನು ಇದ್ದಂತೆಯೇ ಕದ್ದಿದ್ದರು. ತಪ್ಪನ್ನೂ ಬಿಡದೆ ಕದ್ದಿದ್ದರು.

ಇದು ಎರಡು ಸಾವಿರದ ಹದಿನಾಲ್ಕನೆಯ ಇಸವಿಯ ಮಾತು. ಭಾದ್ರಪದದ ಕೊನೆಯ ವಾರ, ಪಿತೃಪಕ್ಷ.

ಬನಹಟ್ಟಿಯಲ್ಲಿರುವ ನಮ್ಮ ಕೈಮಗ್ಗ ನೇಕಾರರ ಸಂಘಕ್ಕೆ ತೇರದಾಳ, ಮುಧೋಳ, ಬೀಳಗಿಗಳಲ್ಲಿ ಒಂದೊಂದು ನಕ್ಷಾ ಕೇಂದ್ರವಿತ್ತು. ಅಲ್ಲಿ ಬರೆದ ಹೊಸ ದಡಿಗಳು ತಂತಿಯ ದಾರಿಯಲ್ಲಿ ಬನಹಟ್ಟಿಯ ಯಂತ್ರದ ಕೋಣೆಗೆ ಬಂದು ಸೇರುತ್ತಿದ್ದವು. ಎರಡು ವರ್ಷಗಳ ಹಿಂದೆ ಅನುದಾನದಿಂದ ಕೊಂಡ ಮೂರು ಸರ್ವರುಗಳು ಆ ಕೋಣೆಯಲ್ಲಿದ್ದವು. ಬಾಡಿಗೆಯದಲ್ಲ, ಪರರದಲ್ಲ, ಸಂಘದ ಸ್ವಂತ 'ಖಾಸಗಿ ಕ್ಲೌಡ್'. ಅದನ್ನು ನೋಡಿಕೊಳ್ಳುತ್ತಿದ್ದವಳು ವೈಶಾಲಿ, ಪ್ರೌಢಶಾಲೆಯಲ್ಲಿ ನನ್ನ ಶಿಷ್ಯೆಯಾಗಿದ್ದ ಹುಡುಗಿ.

ಮುತ್ತವ್ವನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಸಂಘದ ಅಧ್ಯಕ್ಷ ರಾಮಲಿಂಗಪ್ಪ ಮಾಡಿದ ಮೊದಲ ಕೆಲಸವೆಂದರೆ, "ಎಲ್ಲಾ ಬಂದ್ ಮಾಡ್ರಿ!" ಎಂದು ಕೂಗಿ, ತಾನೇ ಓಡಿಹೋಗಿ ಯಂತ್ರಗಳ ವಿದ್ಯುತ್ತನ್ನು ತೆಗೆದದ್ದು. ಮರುದಿನ, ಯಂತ್ರಗಳನ್ನು ಕೂಡಿಸಿಕೊಟ್ಟಿದ್ದ ತೇರದಾಳದ ಶೀತಲ್ ಬಂದು ಮತ್ತೆ ಚಾಲೂ ಮಾಡಿ, ದಿನವಿಡೀ ತಡಕಿದ. ಕಳ್ಳ ಬಂದ ಗುರುತು ಒಂದೂ ಸಿಗಲಿಲ್ಲ.

ಕನ್ನವಿಲ್ಲ, ಮುರಿದ ಬೀಗವಿಲ್ಲ. ಹಾಗಾದರೆ ಬೀಗದ ಕೈ ಇದ್ದವರೇ ಕಳ್ಳರು— ಸಂಘ ಹೀಗೆ ತರ್ಕಿಸಿತು. ಕ್ಲೌಡಿನ ಕೀಲಿ ಇದ್ದದ್ದು ವೈಶಾಲಿಯೊಬ್ಬಳ ಬಳಿ. ಮೇಲಾಗಿ ಅವಳು ನೇಕಾರರ ಮನೆಯವಳಲ್ಲ. ಬೀರೇಶ್ವರನಿಗೆ ನಡೆದುಕೊಳ್ಳುವ ಕುರಿಗಾರರ ಮಗಳು. "ದಡಿ ಮರ್ಮ ಆಕಿಗೇನ್ ಗೊತ್ತು, ಮಾರಿರಬೇಕು," ಎಂದು ಕೆಲವರು ಗೊಣಗಿದರು. ಶುಕ್ರವಾರ ಸಂಜೆ ನಾಲ್ಕಕ್ಕೆ ಆಡಳಿತ ಮಂಡಳಿಯ ಸಭೆ. ಅಲ್ಲಿ ಸಹಿಯಾಗಿ, ದೂರು ಪೊಲೀಸ್ ಠಾಣೆಗೆ ಹೋಗುವುದೆಂದು ನಿಶ್ಚಯವಾಯಿತು.

ಬುಧವಾರ ಮಧ್ಯಾಹ್ನ ವೈಶಾಲಿ ನಮ್ಮ ಮನೆಗೆ ಬಂದಳು. ಅಂದು ಜಮಖಂಡಿಯಿಂದ ನನ್ನ ಅಕ್ಕ ಸಾವಿತ್ರೆವ್ವನೂ ಬಂದಿದ್ದಳು. ಮೂವತ್ತೊಂದು ವರ್ಷ ದೂರವಾಣಿ ವಿನಿಮಯ ಕೇಂದ್ರದಲ್ಲಿ ದುಡಿದು ನಿವೃತ್ತಳಾದ ಅಕ್ಕ, ಆ ಕಾಲದಲ್ಲಿ ಕದ್ದು ಕೇಳುವವರನ್ನೂ ತಂತಿ ಕಡಿಯುವವರನ್ನೂ ಬರಿಯ ಪ್ರಶ್ನೆಗಳಿಂದಲೇ ಹಿಡಿದುಕೊಟ್ಟವಳೆಂದು ಹೆಸರಾಗಿದ್ದಳು.

"ಅಳಬ್ಯಾಡ ಅವ್ವಿ. ಅತ್ರ ಮಾತು ತಿಳಿಯಂಗಿಲ್ಲ ನನಗ," ಎಂದಳು ಅಕ್ಕ. "ನೀ ತಗೊಂಡೀಯೇನು?"

"ಇಲ್ರಿ ಅಕ್ಕಾರ."

"ಆತು. ನಂಬಿನಿ ಅಂತ ತಿಳ್ಕೋಬ್ಯಾಡ, ಕೇಳಿನಿ ಅಷ್ಟ. ಪೊಲೀಸರು ಬಂದ್ರ ಏನಾಗ್ತೈತಿ? ನೀ ಮಾಡಿಲ್ಲಂದ್ರ ಬಿಡ್ತಾರ."

ವೈಶಾಲಿ ತಲೆಯೆತ್ತಿದಳು. "ಬಿಡ್ತಾರ್ರಿ, ವರ್ಷಾನೋ ಎರಡ ವರ್ಷಾನೋ ಆದಮ್ಯಾಲ. ಅಷ್ಟರಾಗ ಈ ಸೀಮ್ಯಾಗ ಯಾರೂ ನನ್ನ ಒಂದು ಮಶೀನ ಮುಂದ ಕೂಡ್ಸಂಗಿಲ್ಲ. ನಮ್ಮ ಮನ್ಯಾಗ ಸಾಲಿ ಕಲ್ತಾಕಿ ನಾ ಒಬ್ಬಾಕಿರಿ. ಹಿಂದ ನನ್ನ ತಂಗಿ ಅದಾಳ. 'ಕಲ್ಸಿದ್ದಕ್ಕ ಹಿಂಗಾತು' ಅಂತ ಆಕಿ ಸಾಲೀನೂ ಬಿಡಿಸ್ತಾರ."

ಅಕ್ಕ ನನ್ನತ್ತ ತಿರುಗಿದಳು.

"ತಮ್ಮಾ, ಮಳಿಗಾಲ ಹಿಡದಾಗಿಂದ ಸಂಘಕ್ಕ ಬಂದ ಹೊಸಾ ದಡಿ ಎಷ್ಟು?"

"ಇಪ್ಪತ್ತೊಂದು," ಎಂದಳು ವೈಶಾಲಿಯೇ.

"ಅದರಾಗ ಕಳುವಾಗಿದ್ದು?"

"ಗೊತ್ತಿಲ್ರಿ. ಮುತ್ತವ್ವನ ದಡಿ ಒಂದು ಸಿಕ್ತು. ಉಳಿದದ್ದು ಯಾರೂ ನೋಡಿಲ್ಲ."

"ನೋಡಬೇಕಲ್ಲ? ಮುತ್ತವ್ವನ್ನ ಕರಕೊಂಡು ನಾಳೆ ಮುಧೋಳಕ್ಕ ಹೋಗು ತಮ್ಮಾ. ಇಪ್ಪತ್ತೊಂದೂ ನಕ್ಷಿ ಕೈಯಾಗ ಹಿಡ್ಕೋ. ಒಂದೂ ಅಂಗಡಿ ಬಿಡಬ್ಯಾಡ. ಮತ್ತ ಒಂದ್ ನೆನಪಿಡು— ಯಾವ್ಯಾವ ಸಿಕ್ಕಾವು ಅಂತ ಎಲ್ಲಾರೂ ಬರಕೋತಾರ. ನೀ ಯಾವ್ಯಾವ ಸಿಗಲಿಲ್ಲ ಅನ್ನೂದನ್ನ ಬರಕೊಂಡ ಬಾ."

ನಾನು ಬರೆದುಕೊಂಡು ಬಂದೆ. ಹದಿಮೂರು ದಡಿಗಳು ಮುಧೋಳದ ಅಂಗಡಿಗಳಲ್ಲಿ ತೂಗುತ್ತಿದ್ದವು. ಎಂಟು ಎಲ್ಲಿಯೂ ಇರಲಿಲ್ಲ.

"ಚಂದಿಲ್ಲಂತ ಬಿಟ್ಟಿರಬೇಕು," ಎಂದೆ.

"ಯಾವ ಬಾಯಿಲೆ ಅಂತೀರಿ ಮಾಸ್ತರ?" ಮುತ್ತವ್ವ ಸಿಡುಕಿದಳು. "ಬೀಳಗಿ ಸತ್ಯವ್ವನ ತೇರಿನ ದಡಿ ಈ ವರ್ಷದಾಗ ಎಲ್ಲಾಕ್ಕಿಂತ ಛಲೋದು. ಅದನ್ನ ಬಿಟ್ಟು ಆ ಕೆಟ್ಟ ಬಾತುಕೋಳಿ ದಡಿ ಕದ್ದಾರ. ಕಳ್ಳಗ ಕಣ್ಣಿಲ್ಲ!"

ಅಕ್ಕ ನಕ್ಕಳು. "ಕಣ್ಣೈತಿ ಮುತ್ತವ್ವಾ. ಆದ್ರ ತೆರದಿರೂ ಹೊತ್ತು ಬ್ಯಾರೆ ಐತೇನೋ."

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಾವು ಸಂಘದ ಕಟ್ಟಡದಲ್ಲಿದ್ದೆವು. ಸಭೆಗೆ ಆರು ತಾಸು ಉಳಿದಿತ್ತು.

ಯಂತ್ರದ ಕೋಣೆಯ ಹೊಸ್ತಿಲ ಬಳಿ, ಹಣೆಗೆ ಬೀರೇಶ್ವರನ ಭಂಡಾರದ ಅರಿಷಿಣ ಹಚ್ಚಿಕೊಂಡ ಕಾವಲುಗಾರ ಕಾಮಣ್ಣ ಕುಳಿತಿದ್ದ. ಒಳಗೆ ಕಾಲಿಡಹೊರಟ ಅಕ್ಕನನ್ನು ತಡೆದ.

"ಚಪ್ಪಲಿ ಹೊರಗ ಬಿಡ್ರಿ ಅಕ್ಕಾರ."

"ಧೂಳ ಆಗ್ತೈತೇನು ಮಶೀನಿಗೆ?"

"ಧೂಳ ಅಲ್ರಿ, ಅದು ಮಗ್ಗ ಇದ್ದಂಗ. ಒಳಗ ಬನಶಂಕರಿ ತಾಯಿ ಅದಾಳ."

ನಿಜವೇ. ಮೂರು ಸರ್ವರುಗಳ ಮೇಲೂ ವಿಭೂತಿಯ ಪಟ್ಟೆ, ಕುಂಕುಮ. ಗೋಡೆಯಲ್ಲಿ ಬನಶಂಕರಿಯ ಪಟ; ಅದರ ಮುಂದೆ ದೀಪ. ಪ್ರತಿ ಅಮಾವಾಸ್ಯೆಯಂದು ನೇಕಾರರು ಮಗ್ಗ ನಿಲ್ಲಿಸಿ ಪೂಜೆ ಮಾಡುವಂತೆ, ರಾಮಲಿಂಗಪ್ಪ ಈ ಯಂತ್ರಗಳನ್ನೂ ನಿಲ್ಲಿಸಿ, ಕಾಯಿ ಒಡೆದು, ಒಂದು ತಾಸಿನ ಬಳಿಕ ಚಾಲೂ ಮಾಡಿಸುತ್ತಿದ್ದ.

"ಬಂದ್ ಮಾಡಬ್ಯಾಡ್ರಿ ಅಂತ ಎಷ್ಟ ಸಲ ಹೇಳೇನ್ರಿ," ಎಂದಳು ವೈಶಾಲಿ. "'ತಿರುಗೂ ಮಗ್ಗಕ್ಕ ಯಾರರೆ ಪೂಜಿ ಮಾಡ್ತಾರೇನು?' ಅಂತಾರ. ಫ್ಯಾನಿನ್ಯಾಗ ಕುಂಕುಮ ತುಂಬೇತಿ."

ಶೀತಲ್ ಒಳಗೆ ಕೀಬೋರ್ಡಿನ ಮುಂದೆ ಕುಳಿತಿದ್ದ. ತನ್ನ ಯಂತ್ರಗಳಿಗೆ ಬಂದ ಅಪಕೀರ್ತಿಯಿಂದ ಅವನ ಮುಖ ಬಾಡಿತ್ತು.

"ಇದೇನ ಅನ್ನೂದು ನನಗ ತಿಳಿಯೂ ಹಂಗ ಹೇಳಪಾ," ಎಂದಳು ಅಕ್ಕ.

"ಈ ಮೂರು ಪೆಟಿಗಿ ಒಳಗ ಹತ್ತೊಂಬತ್ತು ಕಂಪ್ಯೂಟರ್ ಅದಾವ್ರಿ. ಕಣ್ಣಿಗೆ ಕಾಣಂಗಿಲ್ಲ, ಸಾಫ್ಟ್‌ವೇರಿನಾಗ ಅಷ್ಟ ಅದಾವು. ಅವಕ್ಕೆಲ್ಲಾ ವಿಳಾಸ ಕೊಡಾಕ, ದಾರಿ ತೋರ್ಸಾಕ, ಬಾಗಲಾ ಕಾಯಾಕ ನಡುವ ಒಂದು ಬೇಕಲ್ರಿ? ಅದ ವರ್ಚುವಲ್ ರೌಟರ್. ಅದಕ್ಕೂ ಮೈ ಇಲ್ಲ. ತೇರದಾಳದ ನಕ್ಷಿ ಬರ್ಲಿ, ಬೀಳಗೀದು ಬರ್ಲಿ, ಎಲ್ಲಾ ಅದನ್ನ ದಾಟೇ ಒಳಗ ಉಗ್ರಾಣಕ್ಕ ಹೋಗಬೇಕು."

"ಅಂದ್ರ ನಮ್ಮ ಎಕ್ಸ್‌ಚೇಂಜಿನ ಬೋರ್ಡ್ ಮುಂದ ಕುಂತಾಕಿ."

"ಹೌದ್ರಿ. ಆದ್ರ ಬೋರ್ಡ್ ಇಲ್ಲ, ಕುರ್ಚಿ ಇಲ್ಲ, ಆಕೀನೂ ಇಲ್ಲ."

"ಪಗಾರಾನೂ ಇಲ್ಲ ಅನ್ನು! ಇರ್ಲಿ. ಕರೆಂಟ್ ಹೋದ್ರ ಆಕಿ ಏನಾಗ್ತಾಳ?"

"ಸಾಯ್ತಾಳ್ರಿ. ಮತ್ತ ಚಾಲೂ ಮಾಡಿದ ಕೂಡ್ಲೇ, ಕ್ಲೌಡ್ ತನ್ನ ಪುಸ್ತಕ ನೋಡಿ, ಅಚ್ಚಿನಾಗ ಹೊಯ್ದಂಗ ಹೊಸಾಕಿನ್ನ ತಯಾರ ಮಾಡ್ತೈತಿ."

"ಹೊಸಾಕಿಗೆ ಹಳೇ ನೆನಪು?"

"ಪುಸ್ತಕದಾಗ ಬರದದ್ದು ಅಷ್ಟ ಇರ್ತೈತ್ರಿ. ಹಳೇ ರೌಟರಿನ ಕಿವ್ಯಾಗ ಹೊರಗಿಂದ ಯಾರರೆ ಏನರೆ ಹೇಳಿದ್ರ, ಅದು ಹೋತು."

ಅಕ್ಕನ ಕಣ್ಣು ಕಿರಿದಾಯಿತು. "ಪುಸ್ತಕದಾಗ ಬರೆಯೋರು ಯಾರು?"

"ವೈಶಾಲಿ ಒಬ್ಬಾಕಿ."

"ಕಿವ್ಯಾಗ ಹೇಳಬೇಕಂದ್ರ?"

ಶೀತಲ್ ತಡವರಿಸಿದ. "ಅದಕ್ಕ... ಈ ಖೋಲ್ಯಾಗ, ಇದ ಕೀಬೋರ್ಡ್ ಮುಂದ ಕುಂದರಬೇಕು. ಮತ್ತ ಆ ಅಚ್ಚಿನ ಜೋಡಿ ಬಂದ ಪಾಸ್‌ವರ್ಡ್ ಗೊತ್ತಿರಬೇಕು."

"ಗೊತ್ತಿದ್ದೋರು?"

ಅವನು ಬೆರಳೆತ್ತಿ ಬನಶಂಕರಿಯ ಪಟವನ್ನು ತೋರಿಸಿದ. ಕಾಮಣ್ಣ ಕೈ ಮುಗಿದು ಪಟವನ್ನು ತುಸು ಸರಿಸಿದ. ಹಿಂದೆ, ಅರಿಷಿಣ ಹತ್ತಿದ ಒಂದು ಮಡಿಸಿದ ಕಾಗದ.

"ಉದ್ಘಾಟನಾ ದಿನ ನಾನ ಕೊಟ್ಟಿದ್ದೆ," ಎಂದ ಶೀತಲ್, ತಲೆ ತಗ್ಗಿಸಿ. "ಅಧ್ಯಕ್ಷರು ತಾಯಿ ಹಿಂದ ಇಟ್ರು."

"ಪಾಸ್‌ವರ್ಡ್ ಬದಲಿ ಮಾಡೂಣು ಅಂದೆರಿ," ಎಂದಳು ವೈಶಾಲಿ. "'ದೇವರ ಹಿಂದ ಇಟ್ಟದ್ದು ತಗೀಬಾರದು' ಅಂದ್ರು."

"ಈ ಖೋಲಿ ಕೀಲಿ ಯಾರ್ಯಾರು ಇಸ್ಕೋತಾರ ಕಾಮಣ್ಣಾ?"

"ನಾಲ್ಕ ಮಂದಿರಿ. ಅಧ್ಯಕ್ಷರು ದಿನಾ ಮುಂಜಾನಿ ದೀಪಾ ಹಚ್ಚಾಕ. ಈ ತಂಗಿ ದಿನಾ. ಶೀತಲಣ್ಣಾರು ರಿಪೇರಿ ಇದ್ದಾಗ. ಮತ್ತ ಅರುಣಪ್ಪ, ನಕ್ಷಿ ವಿಭಾಗದಾಂವ. ಎಲ್ಲಾರ ಸಹಿನೂ ಈ ಪುಸ್ತಕದಾಗ ಅದಾವು. ಕಸಾ ಹೊಡಿಯಾಕ ನಾನೂ ದಿನಾ ಹೊಕ್ಕೇನ್ರಿ. ನನ್ನೂ ಹಿಡೀರಿ ಬೇಕಾದ್ರ!"

"ನಿನಗ ಪಾಸ್‌ವರ್ಡ್ ಹೊಡಿಯಾಕ ಬರ್ತೈತೇನು?"

"ಕುರಿ ಎಣಿಸಾಕ ಬರ್ತೈತ್ರಿ. ಒಂದು ಕಮ್ಮಿ ಆದ್ರ ಗೊತ್ತಾಕ್ಕೈತಿ. ಈ ಪೆಟಿಗ್ಯಾಗ ಕುರಿ ಹೋತೋ ತೋಳ ಬಂತೋ, ಯಾಂವ ಬಲ್ಲ?"

ಅಷ್ಟರಲ್ಲಿ ಅರುಣನೇ ಬಂದ. ಮೂವತ್ತರ ಆಸುಪಾಸಿನ, ಮೃದುಮಾತಿನ ಯುವಕ. ತಲೆಯ ಮೇಲೊಂದು ಬಿಳಿಯ ಟೊಪ್ಪಿಗೆ. ಯಂತ್ರಗಳು ಬಂದ ಹೊಸದರಲ್ಲಿ ಶೀತಲನ ಬಳಿ ತರಬೇತಿ ಪಡೆದವರು ಇಬ್ಬರು, ವೈಶಾಲಿ ಮತ್ತು ಅರುಣ. ಕೆಲಸ ವೈಶಾಲಿಗೆ ದೊರೆತು, ಅರುಣ ನಕ್ಷಾ ವಿಭಾಗದಲ್ಲಿಯೇ ಉಳಿದಿದ್ದ. ಅವನ ಅಕ್ಷರ ಮುತ್ತಿನಂತಿದ್ದುದರಿಂದ, ದೂರಿನ ಶುದ್ಧಪ್ರತಿಯನ್ನು ಬರೆಯುವ ಹೊಣೆ ಅವನಿಗೆ ಬಿದ್ದಿತ್ತು.

"ನಮಸ್ಕಾರ್ರಿ ಮಾಸ್ತರ. ವೈಶಾಲಿ ಮಾಡಿರಂಗಿಲ್ಲ ಅಂತ ನನಗೂ ಅನಿಸ್ತೈತ್ರಿ," ಎಂದ ಅವನು. "ಆದ್ರ ಪುರಾವಿ ಬೇಕಲ್ರಿ."

"ಖರೇನ ಐತಿ, ಪುರಾವಿ ಬೇಕು," ಎಂದಳು ಅಕ್ಕ.

ಅವನು ಹೋದ ಮೇಲೆ ಕಾಮಣ್ಣ ತಲೆದೂಗಿದ. "ಭಾಳ ಶಿಸ್ತಿನ ಹುಡುಗರಿ ಅರುಣಪ್ಪ. ಗಣಪತಿ ಹಬ್ಬದ ಮುಂಚಿನ ಬೆನಕನ ಅಮವಾಸಿ ಮರುದಿನ ಅವನ ಅಜ್ಜಿ ತೀರಿಕೊಂಡ್ಳು. ತಂದಿ ಇಲ್ಲ, ಇಂವನ ತಲಿ ಬೋಳಿಸ್ಕೊಂಡು ಕರ್ಮಾ ಎಲ್ಲಾ ಮಾಡಿದ. ಗಣಪತಿ ಹಬ್ಬದ ಕೆಲಸ ತುಂಬಿತ್ತಂತ ನಾಲ್ಕನೇ ದಿನಕ್ಕ ಕಚೇರಿಗೆ ಬಂದ್ರೂ, ಮೈಯಾಗ ಸೂತಕ ಐತಿ ಅಂತ ಈ ಖೋಲಿ ಹೊಸ್ತಿಲಾ ತುಳಿಲಿಲ್ರಿ. ಪಡಸಾಲ್ಯಾಗ ಕುಂತು ಕೆಲಸಾ ಮಾಡಿದ. ಈಗಿನ ಹುಡುಗ್ರು ಯಾರು ಹಂಗ ಇರ್ತಾರ್ರಿ?"

ಅಕ್ಕ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರನ್ನು ಮೊಳೆಯಿಂದ ಕಳಚಿಕೊಂಡು, ನನ್ನ ಕೈಗೆ ಒಂದು ಕೆಂಪು ಪೆನ್ಸಿಲನ್ನು ಕೊಟ್ಟಳು.

"ವೈಶಾಲಿ, ದಡಿ ಬಂದ ದಿನಾ ಓದು ಅವ್ವಿ. ಕಳುವಾಗದ ಎಂಟು ಅಷ್ಟ. ತಮ್ಮಾ, ನೀ ಆ ದಿನಕ್ಕ ಗುರುತು ಹಾಕು."

ವೈಶಾಲಿ ಓದುತ್ತ ಹೋದಳು. ನಾನು ಗುರುತು ಹಾಕುತ್ತ ಹೋದೆ. ಎಂಟನೆಯ ಗುರುತು ಹಾಕುವಾಗ ನನ್ನ ಕೈ ತಾನಾಗಿ ನಿಂತಿತು. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗೆ ಕರಿಯ ಚುಕ್ಕೆಯೊಂದನ್ನು ಅಚ್ಚು ಹಾಕಿರುತ್ತಾರಷ್ಟೆ. ನನ್ನ ಕೆಂಪು ಗುರುತುಗಳೆಲ್ಲವೂ, ತಾಯಿಯ ಹಿಂದೆ ನಡೆಯುವ ಮರಿಗಳಂತೆ, ಆ ಕರಿಯ ಚುಕ್ಕೆಗಳ ಬೆನ್ನಿಗೆ ಸಾಲುಗಟ್ಟಿ ನಿಂತಿದ್ದವು.

"ಶೀತಲ್," ಎಂದಳು ಅಕ್ಕ ನಿಧಾನವಾಗಿ. "ಆ ಮೈಯಿಲ್ಲದಾಕಿ ಸತ್ರ ಆಕಿ ನೆನಪು ಹೋತು ಅಂದಿ. ಆದ್ರ ಆಕಿನ್ನ ಹೊತ್ತ ಈ ಕಬ್ಬಿಣದ ಪೆಟಿಗಿ ಸಾಯಂಗಿಲ್ಲಲ್ಲ? ಆಕಿ ಜೋಡಿ ಯಾರರೆ ಕಿವಿಮಾತು ಆಡಾಕ ಕುಂತಿದ್ರ, ಯಾವ ದಿನಾ ಕುಂತಿದ್ರು ಅಂತ ಈ ಪೆಟಿಗಿ ಬರಕೊಂಡಿರ್ತೈತೇನು?"

ಶೀತಲ್ ಕೀಬೋರ್ಡಿನತ್ತ ತಿರುಗಿದ. "ಬರಕೊಂಡಿರ್ತೈತ್ರಿ. ನಾ ರೌಟರಿನ ಒಳಗ ಹುಡುಕಿದೆ. ಪೆಟಿಗೀದು ನೋಡ್ಲೇ ಇಲ್ಲ!"

"ಈಗ ನೋಡು. ನೋಡಿ ಸುಮ್ಮನ ಚೀಟಿ ಮ್ಯಾಲ ಬರದು ಕಿಸೆದಾಗ ಇಟ್ಕೋ. ನಾ ಕೇಳಿದಾಗ ಓದು."

ನಾಲ್ಕು ಗಂಟೆ. ಸಭಾಮಂದಿರದಲ್ಲಿ ರಾಮಲಿಂಗಪ್ಪ ಮತ್ತು ಐವರು ನಿರ್ದೇಶಕರು ಚಾಪೆಯ ಮೇಲೆ ಕುಳಿತಿದ್ದರು. ಒಂದು ಮೂಲೆಯಲ್ಲಿ ವೈಶಾಲಿ. ಅವಳ ಪಕ್ಕದಲ್ಲಿ, ಯಾರ ಮಾತಿಗೂ ಕಿವಿಗೊಡದೆ, ಮುತ್ತವ್ವ. ಬಾಗಿಲ ಬಳಿ ಶೀತಲ್, ಕೀಲಿಯ ಸಹಿ ಪುಸ್ತಕ ಹಿಡಿದ ಕಾಮಣ್ಣ. ಬರವಣಿಗೆಯ ಮೇಜಿನ ಬಳಿ ಅರುಣ. ಅವನ ಮುಂದೆ ಸಹಿಗೆ ಸಿದ್ಧವಾದ ದೂರು.

"ಅಕ್ಕಾರ, ನೀವು ಹಿರ್ಯಾರು ಅಂತ ಕುಂದರ್ಸೇವಿ," ಎಂದ ರಾಮಲಿಂಗಪ್ಪ. "ಲಗೂನ ಮುಗಸ್ರಿ. ಕಳುವು ಆಗೇತೋ ಇಲ್ಲೋ?"

"ಆಗೇತಿ. ಹದಿಮೂರು ದಡಿ ಹೋಗ್ಯಾವು. ನೀವೆಲ್ಲಾ ಆ ಹದಿಮೂರಕ್ಕ ಅತ್ರಿ. ನನಗ ಉಳಿದ ಎಂಟರ ಚಿಂತಿ ಹತ್ತಿತು— ಅವು ಯಾಕ ಉಳದುವು?" ಅಕ್ಕ ಕ್ಯಾಲೆಂಡರನ್ನು ಚಾಪೆಯ ಮೇಲೆ ಹಾಸಿದಳು. "ವೈಶಾಲಿ ಕೈಯಾಗ ಉಗ್ರಾಣದ ಕೀಲಿನ ಐತಿ. ಇಪ್ಪತ್ತೊಂದೂ ದಡಿ ಅಲ್ಲೇ ಅದಾವು. ಉಗ್ರಾಣಕ್ಕ ಕೈ ಹಾಕಿದಾಕಿ ಸತ್ಯವ್ವನ ತೇರಿನ ದಡಿ ಬಿಟ್ಟು ಬಾತುಕೋಳಿ ಒಯ್ತಾಳೇನು?"

"ಅದನ್ನ ನಾನೂ ಹೇಳಿದ್ದೆ!" ಎಂದಳು ಮುತ್ತವ್ವ.

"ಹಂಗಂದ ಮ್ಯಾಲ ಕಳ್ಳ ಉಗ್ರಾಣಕ್ಕ ಹೋಗಿಲ್ಲ. ದಾರ್ಯಾಗ ಕುಂತಾನ. ದಾರ್ಯಾಗ ಕುಂತಾಂವ ತಾ ಇದ್ದಾಗ ದಾಟಿದ್ದನ್ನ ಅಷ್ಟ ನೋಡ್ತಾನ. ಬಂದ ನಕ್ಷಿದೊಂದು ನಕಲು ಮುಧೋಳಕ್ಕೂ ಕಳಸು ಅಂತ ರೌಟರಿನ ಕಿವ್ಯಾಗ ಹೇಳಿ ಹೋಗ್ಯಾನ. ಪುಸ್ತಕದಾಗ ಬರಿಲಿಲ್ಲ, ಬರಿಯೂ ಹಕ್ಕು ಅವಗಿಲ್ಲ. ವೈಶಾಲಿ ಆಗಿದ್ರ ಪುಸ್ತಕದಾಗ ಬರೀತಿದ್ಲು, ಅಮವಾಸಿ ಬಂದ್ರೂ ಅದು ಅಳಿಯೂದಿಲ್ಲ. ಆದ್ರ ಅಮವಾಸಿ ಬಂತು. ಅಧ್ಯಕ್ಷರು ಪೂಜಿಗಂತ ಬಂದ್ ಮಾಡಿದ್ರು. ಹಳೇಕಿ ಸತ್ಲು, ಹೊಸಾಕಿ ಹುಟ್ಟಿದ್ಲು, ಕಿವಿಮಾತು ಮರತಳು. ಕಳ್ಳನ ಬಾಗಲಾ ಮುಚ್ಚಿತು. ಮತ್ತ ಬಂದು ಹೇಳೂತನಕ ಬಂದ ದಡಿ ಎಲ್ಲಾ ಉಳದುವು."

ರಾಮಲಿಂಗಪ್ಪನ ಮುಖದಲ್ಲಿ ಬೆರಗು ಮೂಡಿತು. "ಅಂದ್ರ ನನ್ನ ಪೂಜಿ—"

"ನಿಮ್ಮ ಪೂಜಿ ಎಂಟು ದಡಿ ಉಳಿಸೇತಿ. ನಿಮ್ಮ ಗಾಬರಿ ಕಳ್ಳನ್ನ ಉಳಿಸೇತಿ. ಸುದ್ದಿ ಕೇಳಿ ಬಂದ್ ಮಾಡಿದ್ರಲ್ಲ? ಅಂಗಳದಾಗ ಕಳ್ಳನ ಹೆಜ್ಜಿ ಮೂಡಿದ್ದುವು. ಸೆಗಣಿ ಹಾಕಿ ಸಾರಿಸಿ, ಆಮ್ಯಾಲ ಶೀತಲನ್ನ ಕರದು 'ಹೆಜ್ಜಿ ಹುಡುಕು' ಅಂದ್ರಿ."

ಯಾರೋ ನಕ್ಕರು.

"ಈಗ ಇದನ್ನ ನೋಡ್ರಿ, ಈ ಮಳಿಗಾಲದ ಮೂರು ಅಮವಾಸಿ. ಮಣ್ಣೆತ್ತಿನ ಅಮವಾಸಿ ಆದಮ್ಯಾಲ ಚೌತಿತನಕ ಬಂದ ಎರಡು ದಡಿ ಉಳದಾವು. ಷಷ್ಠಿಯಿಂದ ಕಳುವು ಸುರು. ನಾಗರ ಅಮವಾಸಿ ಆದಮ್ಯಾಲೂ ಚೌತಿತನಕ ಎರಡು. ಸಪ್ತಮಿಯಿಂದ ಸುರು. ಅಂದ್ರ ನಕಲು ಬರೂದು ನಿಂತದ್ದು ಗೊತ್ತಾಗಿ, ನಾಲ್ಕೈದು ದಿನದಾಗ ಬಂದು ಬಾಗಲಾ ತೆರದಾನ. ಆದ್ರ ಬೆನಕನ ಅಮವಾಸಿ ಆದಮ್ಯಾಲ? ಬಿದಿಗಿ, ಪಂಚಮಿ, ಅಷ್ಟಮಿ, ದಶಮಿ— ನಾಲ್ಕೂ ಉಳದಾವು. ತ್ರಯೋದಶಿ ದಿನ ಬಂದ ಮುತ್ತವ್ವನ ದಡಿ ಹೋಗೇತಿ. ಯಾಕ ತಡಾ ಆತು? ಶೀತಲ್ ಪಂಚಮಿ ದಿನ ಬ್ಯಾಟರಿ ಬದ್ಲಿ ಮಾಡಾಕ ಇಡೀ ದಿನ ಆ ಖೋಲ್ಯಾಗ ಇದ್ದ. ಸಹಿ ಐತಿ. ಅವನೇ ಕಳ್ಳ ಆಗಿದ್ರ ಆವತ್ತೇ ತೆರೀತಿದ್ದ. ವೈಶಾಲಿ, ಅಧ್ಯಕ್ಷರು, ಕಾಮಣ್ಣ— ಮೂರೂ ಮಂದಿ ದಿನಾ ಹೊಕ್ಕೋರು. ಹನ್ನೊಂದು ದಿನ ಆ ಹೊಸ್ತಿಲಾ ದಾಟದಾಂವ ಒಬ್ಬನ ಒಬ್ಬ."

ಅವಳು ಯಾರತ್ತಲೂ ನೋಡಲಿಲ್ಲ.

"ಶೀತಲ್, ಚೀಟಿ ಓದು."

ಶೀತಲ್ ಓದಿದ. "ಪೆಟಿಗಿ ಬರಕೊಂಡ ದಿನಾ ಮೂರ್ರಿ. ಮಣ್ಣೆತ್ತಿನ ಅಮವಾಸಿ ನಂತರದ ಪಂಚಮಿ. ನಾಗರ ಅಮವಾಸಿ ನಂತರದ ಷಷ್ಠಿ. ಬೆನಕನ ಅಮವಾಸಿ ನಂತರದ ದ್ವಾದಶಿ, ಮುಂಜಾನಿ ಹತ್ತೂವರಿ."

"ಕಾಮಣ್ಣಾ, ದ್ವಾದಶಿ ದಿನ ಹತ್ತೂವರಿಗೆ ಕೀಲಿ ಯಾರು ಇಸ್ಕೊಂಡಾರ?"

ಕಾಮಣ್ಣ ಪುಸ್ತಕವನ್ನು ತೆರೆದ. ಓದಬೇಕಾಗಿರಲಿಲ್ಲ, ಆ ಮುತ್ತಿನಂಥ ಅಕ್ಷರವನ್ನು ಅಲ್ಲಿದ್ದವರೆಲ್ಲರೂ ಬಲ್ಲರು. ಅವನು ತಲೆಯೆತ್ತಿ ನೋಡಿದ. "ಅರುಣಪ್ಪಾ... ನೀನೇನೋ?"

ಅರುಣ ಎದ್ದು ನಿಂತ. ಟೊಪ್ಪಿಗೆಯನ್ನು ತೆಗೆದ. ಬೋಳಿಸಿದ ತಲೆಯ ಮೇಲೆ ಕೂದಲು ಆಗತಾನೇ ಚಿಗುರುತ್ತಿತ್ತು.

"ನಾಲ್ಕ ವರ್ಷ ಆತ್ರಿ ಅಧ್ಯಕ್ಷರ," ಎಂದ. ಧ್ವನಿಯಲ್ಲಿ ಹೆದರಿಕೆಗಿಂತ ಬಹುಕಾಲದ ಬಳಲಿಕೆಯೇ ಹೆಚ್ಚಾಗಿತ್ತು. "ಮೂವತ್ತು ನಕ್ಷಿ ಬರದು ನಿಮ್ಮ ಮುಂದ ಇಟ್ಟೆ. 'ಇದು ನಮ್ಮ ಪದ್ಧತಿ ಅಲ್ಲ' ಅಂತ ಒಂದೂ ಪಾಸ್ ಮಾಡ್ಲಿಲ್ಲ ನೀವು. ಮುಧೋಳದಾಂವ ನೋಡಿ ಛಲೋ ಅದಾವು ಅಂದ. ನನ್ನವು ನೇಯಬೇಕಂದ್ರ ಸಂಘದ್ದೂ ಕೊಡು ಅಂದ. ನಾ ಬರದ ದಡಿ ಯಾರದರೆ ಮೈಮ್ಯಾಲ ನೋಡಬೇಕು ಅನ್ನೂದು ಒಂದ ಆಸೆ ಇತ್ರಿ ನನಗ."

"ಬಾತುಕೋಳಿ ದಡಿ ನಿಂದೇನು?" ಎಂದು ಕೇಳಿದಳು ಮುತ್ತವ್ವ.

"ಅಲ್ರಿ, ಅದು ಸಂಘದ್ದ."

"ಪುಣ್ಯಾ."

ನಗು ಬರಲಿಲ್ಲ ಯಾರಿಗೂ. ರಾಮಲಿಂಗಪ್ಪ ನೆಲ ನೋಡುತ್ತಿದ್ದ. ತಿರಸ್ಕರಿಸಿದ ಆ ಮೂವತ್ತು ನಕ್ಷೆಗಳಲ್ಲಿ ಒಂದಾದರೂ ಅವನ ನೆನಪಿಗೆ ಬಂತೋ ಇಲ್ಲವೋ, ನಾನರಿಯೆ.

"ವೈಶಾಲಿ ಮ್ಯಾಲ ಬರ್ತೈತಿ ಅಂತ ನನಗ ಗೊತ್ತಿರ್ಲಿಲ್ರಿ," ಎಂದ ಅರುಣ.

"ಬುಧವಾರದಿಂದ ಗೊತ್ತಿತ್ತು," ಎಂದಳು ವೈಶಾಲಿ. ಆ ಸಭೆಯಲ್ಲಿ ಅವಳಾಡಿದ ಮೊದಲ ಮಾತು ಅದು. "ಈ ಅರ್ಜಿ ನೀನ ಬರದ್ಯಲ್ಲ. ನನ್ನ ಹೆಸರು ಎಷ್ಟ ಕಡೆ ಬಂದೈತಿ ಎಣಿಸಿಯೇನು?"

ಅರುಣ ದೂರಿನ ಕಾಗದದತ್ತ ನೋಡಿದ.

ಅಕ್ಕ ಕಷ್ಟಪಟ್ಟು ಮೇಲೆದ್ದು ಅವನ ಬಳಿ ಹೋದಳು. ಗದರಲಿಲ್ಲ, ಮಗ್ಗದ ಮುಂದೆ ಎಳೆ ಕಡಿದಾಗ ಹಿರಿಯರು ಆಡುವಂಥ ತಗ್ಗಿದ ದನಿಯಲ್ಲಿ ಮಾತಾಡಿದಳು.

"ಕಳುವು ಮಾಡಾಕ ಹೋಗೂ ಖೋಲಿ ಅದು. ಹನ್ನೊಂದು ದಿನ ನೀ ಅದರ ಹೊಸ್ತಿಲಾ ತುಳಿಲಿಲ್ಲ; ತಾಯಿಗೆ ಮೈಲಿಗಿ ಆಗಬಾರದಂತ. ಆ ಭಕ್ತೀನ ನಾ ನಗ್ಯಾಡಂಗಿಲ್ಲಪಾ. ಖರೇ ಇತ್ತಂತನ ನಿನ್ನ ಹಿಡದು ಕೊಡ್ತು. ಆದ್ರ ಒಂದು ಹೇಳು. ಸತ್ತಾಕಿ ಸೂತಕ ಹನ್ನೊಂದನೇ ದಿನದ ಜಳಕದಾಗ ಹೋತು. ಬದುಕಿದ್ದಾಕಿ ಮ್ಯಾಲ ಹಾಕೀಯಲ್ಲ ಇದನ್ನ— ಇದು ಎಷ್ಟನೇ ದಿನಕ್ಕ ಹೋಗ್ತೈತಿ?"

ಹೊರಗೆ ಯಾವುದೋ ಓಣಿಯಲ್ಲಿ ಮಗ್ಗವೊಂದು ಬಡಿಯುತ್ತಿತ್ತು.

ಅರುಣ ಮೇಜಿಗೆ ಮರಳಿ ಕುಳಿತ. ದೂರಿನ ಕಾಗದವನ್ನು ತನ್ನತ್ತ ಎಳೆದುಕೊಂಡ. ಆರು ಕಡೆ ವೈಶಾಲಿಯ ಹೆಸರಿತ್ತು. ಒಂದೊಂದನ್ನೂ ಎಣಿಸಿದವನಂತೆ ಒಂದೊಂದಾಗಿ ಹೊಡೆದುಹಾಕಿದ. ಪ್ರತಿಯೊಂದರ ಮೇಲೂ, ಅದೇ ಮುತ್ತಿನಂಥ ಅಕ್ಷರದಲ್ಲಿ, ತನ್ನ ಹೆಸರನ್ನು ಬರೆದ.